ಗುಲಾಬಿ ಹೂವಿನ ಕಳೆ



2020ರ ನವೆಂಬರಿನಲ್ಲಿ ಕೇರಳದ ಕೋಳಿಕ್ಕೋಡು ಜಿಲ್ಲೆಯ ಆವಳ ಪಾಂಡಿಯಲ್ಲಿ ನೀರಿನ ತುಂಬ ಗುಲಾಬಿ ಬಣ್ಣದ ಹೂ ಅರಳಿತು. ಕೊರೊನಾ ಕಾಲವಾದರೂ ಜನರು ನೋಡಲು ಮುಗಿಬಿದ್ದರು. ಕೆಲವರು ಗಿಡವನ್ನೇ ಕಿತ್ತು ಮನೆಗೆ ಒಯ್ದರು. ಅದು ಕಬೊಂಬಾ ಎಂಬ ಪರದೇಶಿ ಕಳೆ, ತವರು ದಕ್ಷಿಣ ಅಮೆರಿಕ. ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರು ಚೆಂದಕ್ಕೆಂದು ಇಡುವ ಗಿಡ.

ಇದರ ಬೇರು ಕೆಸರಿನಲ್ಲಿರುತ್ತದೆ. ಎಲೆ ಸಬ್ಬಸಿಗೆ ಸೊಪ್ಪಿನಂತೆ ಎಳೆ ಎಳೆ. ಹೂ ಮಾತ್ರ ನೀರಿನ ಮೇಲೆ. ಕಾಂಡದ ಒಂದು ತುಂಡು ಸಾಕು, ಹೊಸ ಗಿಡವಾಗುತ್ತದೆ. ಆದ್ದರಿಂದ ಹೂವಿನಾಸೆಗೆ ಕಿತ್ತೊಯ್ದವರೇ ಇದನ್ನು ಹರಡುವವರು. ದಟ್ಟವಾಗಿ ಬೆಳೆದರೆ ತಳಕ್ಕೆ ಬಿಸಿಲು ಇಳಿಯದು, ಕಾಲುವೆಯ ಹರಿವು ನಿಧಾನವಾಗುತ್ತದೆ. ಕೊಳೆತಾಗ ನೀರಿನಲ್ಲಿ ಪ್ರಾಣವಾಯು ಕಡಿಮೆಯಾಗಿ ಮೀನುಗಳಿಗೆ ಕುತ್ತು.

ಕೇರಳದ ಸುದ್ದಿ ಪೆದ್ದಕಡುಬೂರಿಗೆ ಏಕೆ ಎನ್ನಬಹುದು. ನಮಗೆ ತುಂಗಭದ್ರೆಯ ನೀರು ಬರುವುದು ಎಲ್.ಎಲ್.ಸಿ. ಕಾಲುವೆಯಲ್ಲಿ. ಕಾಲುವೆಯ ನೀರಿಗೆ ಕರ್ನಾಟಕ, ಆಂಧ್ರ ಎಂಬ ಗಡಿಯಿಲ್ಲ. ಮೇಲೆ ಎಸೆದ ತುಂಡು ಕೆಳಗೆ ನಮ್ಮ ಹೊಲದ ಕಾಲುವೆಗೂ, ಕುಡಿಯುವ ನೀರಿನ ಎಸ್.ಎಸ್. ಟ್ಯಾಂಕಿಗೂ ಸೇರಬಲ್ಲದು.

ನೇರಳೆ ಹೂವಿನ ಅಂತರಗಂಗೆಯೂ ಅದೇ ಖಂಡದಿಂದ, ಅದೇ ಚೆಂದದ ಹೆಸರಿನಲ್ಲಿ ಬಂದದ್ದು. ಅದರ ಬೇರಿಗೆ ಮ್ಯಾನ್ಸೋನಿಯಾ ಸೊಳ್ಳೆಯ ಮರಿಗಳು ಅಂಟಿಕೊಂಡು ಬೆಳೆಯುತ್ತವೆ. ಕೇರಳದ ಚೇರ್ತಲ ಭಾಗದಲ್ಲಿ ಆನೆಕಾಲು ರೋಗ ಹರಡಿದ್ದರಲ್ಲಿ ಈ ಸೊಳ್ಳೆಯ ಪಾಲಿತ್ತು. ಅಂತರಗಂಗೆಯನ್ನು ತಿನ್ನುವ ಸೊಂಡಿಲು ಹುಳುಗಳನ್ನು 1980ರ ದಶಕದಲ್ಲಿ ತರಿಸಿ ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟರು, ಫಲವೂ ಸಿಕ್ಕಿತು. ಆದರೆ ಆ ಹುಳು ಕಬೊಂಬಾವನ್ನು ಮುಟ್ಟದು. ಇದಕ್ಕೆ ನಮ್ಮ ಕೈಯೇ ಮದ್ದು.

ಗೋಧಿಯೊಳಗಿನ ಕಳೆಯನ್ನು ಸುಗ್ಗಿಯವರೆಗೆ ಬಿಡಿ ಎಂದು ಯೇಸುಸ್ವಾಮಿ ಸಾಮತಿಯಲ್ಲಿ ಹೇಳಿದ್ದು ಮನುಷ್ಯರ ವಿಷಯ. ಕೆರೆಯ ಕಳೆಗೆ ಅದನ್ನು ಅನ್ವಯಿಸಬೇಡಿ! ನಾಲ್ಕು ಗಿಡ ಕಂಡಾಗಲೇ ಬೇರುಸಹಿತ ಕೀಳಿ, ಮುರಿದ ತುಂಡುಗಳನ್ನು ಜಾಳಿಗೆಯಿಂದ ಎತ್ತಿ. ದಡದಿಂದ ದೂರ, ಮಳೆನೀರು ಕೊಚ್ಚದ ಕಡೆ ಪೂರ್ತಿ ಒಣಗಿಸಿ ತಿಪ್ಪೆಗುಂಡಿಗೆ ಹಾಕಿ. ಕುಡಿಯುವ ನೀರಿಗೆ ಕಳೆನಾಶಕ ಸಿಂಪಡಿಸಲೇಬೇಡಿ. ಹೆಚ್ಚಿದ್ದರೆ ಪಂಚಾಯಿತಿಗೂ ಕೃಷಿ ಇಲಾಖೆಯವರಿಗೂ ತಿಳಿಸಿ. ಮಕ್ಕಳ ಮೀನಿನ ತೊಟ್ಟಿಯ ಗಿಡವನ್ನು ಕಾಲುವೆಗೆ ಎಸೆಯಬೇಡಿ. ಮಾತೆಯ ಗವಿಗೆ ಅಲಂಕಾರಕ್ಕೆಂದೂ ಈ ಹೂ ತರಬೇಡಿ. ನಮ್ಮ ಚೆಂಡುಹೂವೇ ಸಾಕು.