ಜೊಂಡಿನ ನೆಲ, ನೂಲಿನ ಪಂಚಾಂಗ: ಟಿಟಿಕಾಕಾ ಸರೋವರದ ದ್ವೀಪವಾಸಿಗಳು

ದಕ್ಷಿಣ ಅಮೆರಿಕದ ಪೆರು ಮತ್ತು ಬೊಲಿವಿಯಾ ದೇಶಗಳ ಗಡಿಯಲ್ಲಿ, ಆಂಡಿಸ್ ಪರ್ವತಸಾಲುಗಳ ನಡುವಿನ ಎತ್ತರದ ಬಯಲಿನಲ್ಲಿ ಟಿಟಿಕಾಕಾ ಸರೋವರ ಹರಡಿಕೊಂಡಿದೆ. ಸಮುದ್ರಮಟ್ಟದಿಂದ ಇದರ ಎತ್ತರ ಸುಮಾರು 3,810 ಮೀಟರ್. ಉದ್ದ ಸುಮಾರು 190 ಕಿ.ಮೀ., ವಿಸ್ತಾರ 8,000 ಚದರ ಕಿ.ಮೀ.ಗೂ ಹೆಚ್ಚು, ಅತಿ ಆಳದ ಜಾಗದಲ್ಲಿ 280 ಮೀಟರ್ ನೀರು. ದೊಡ್ಡ ಹಡಗುಗಳು ಓಡಾಡಬಲ್ಲ ಸರೋವರಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರದ್ದು ಎಂಬ ಖ್ಯಾತಿ ಇದಕ್ಕಿದೆ. ಇದರ ಮೇಲೆ ಮತ್ತು ಇದರೊಳಗಿನ ದ್ವೀಪಗಳಲ್ಲಿ ಮೂಲನಿವಾಸಿ ಸಮುದಾಯಗಳು ತಲೆಮಾರುಗಳಿಂದ ಬದುಕುತ್ತಿವೆ. ಜೊಂಡು ಹಾಸಿ ನೆಲವನ್ನೇ ಕಟ್ಟಿಕೊಂಡ ಊರೋಸ್ ಜನ, ಬಟ್ಟೆಯಲ್ಲಿ ವರ್ಷದ ಪಂಚಾಂಗ ನೇಯುವ ತಾಕೀಲೆಯವರು, ಎರಡು ಬೆಟ್ಟಗಳನ್ನು ತಂದೆ ತಾಯಿಯೆಂದು ಪೂಜಿಸುವ ಅಮಾಂತಾನಿಯವರು ಅವರಲ್ಲಿ ಮುಖ್ಯರು.

ನೀರು ಮತ್ತು ನೆಲ

ರಾಮಿಸ್, ಇಲಾವೆ, ಕೊವಾಟಾ ಮೊದಲಾದ ನದಿಗಳು ಸುತ್ತಲಿನ ಪರ್ವತಗಳಿಂದ ಇಳಿದು ಸರೋವರವನ್ನು ಸೇರುತ್ತವೆ. ಹೊರಗೆ ಹರಿಯುವ ದೊಡ್ಡ ನದಿ ದೆಸಾಗ್ವಾದೆರೊ ಒಂದೇ. ಅದು ಒಯ್ಯುವುದು ಸ್ವಲ್ಪ ನೀರನ್ನು ಮಾತ್ರ. ಸರೋವರ ಕಳೆದುಕೊಳ್ಳುವ ನೀರಿನಲ್ಲಿ ಬಹುಪಾಲು ಬಿಸಿಲು ಮತ್ತು ಗಾಳಿಗೆ ಆವಿಯಾಗಿ ಹೋಗುತ್ತದೆ. ಹೀಗಾಗಿ ಮಳೆಗಾಲ ಕೈಕೊಟ್ಟರೆ ನೀರಿನ ಮಟ್ಟ ಬೇಗನೆ ಇಳಿಯುತ್ತದೆ, ಮಳೆ ಹೆಚ್ಚಾದರೆ ದಂಡೆಯ ಹೊಲಗಳು ಮುಳುಗುತ್ತವೆ.

ಇಷ್ಟು ಎತ್ತರದಲ್ಲಿ ರಾತ್ರಿಯ ಹಿಮ ಬೆಳೆಯನ್ನು ಸುಟ್ಟುಬಿಡುತ್ತದೆ. ಆದರೆ ಹಗಲಿನಲ್ಲಿ ಬಿಸಿಲು ಹೀರಿಕೊಂಡ ನೀರು ರಾತ್ರಿ ಆ ಶಾಖವನ್ನು ನಿಧಾನವಾಗಿ ಬಿಟ್ಟುಕೊಡುವುದರಿಂದ ದಂಡೆ ಮತ್ತು ದ್ವೀಪಗಳಲ್ಲಿ ಚಳಿ ಕೊಂಚ ಕಡಿಮೆ. ಆಲೂಗಡ್ಡೆ, ಕಿನೋವಾ, ಬಾರ್ಲಿ ಮತ್ತು ಅಗಲ ಅವರೆ ಇಲ್ಲಿ ಬೆಳೆಯಲು ಇದೇ ಕಾರಣ. ಗುಡ್ಡದ ಇಳಿಜಾರುಗಳಲ್ಲಿ ಕಲ್ಲುಕಟ್ಟೆ ಕಟ್ಟಿ ಹಸನು ಮಾಡಿದ ಮೆಟ್ಟಿಲು ಹೊಲಗಳು ಇಂಕಾ ಕಾಲಕ್ಕಿಂತಲೂ ಹಳೆಯ ಬೇಸಾಯ ಪದ್ಧತಿಗೆ ಸೇರಿದವು. ಪುಕಾರಾ ಮತ್ತು ತಿವಾನಾಕು ನಾಗರಿಕತೆಗಳು ಬೆಳೆದದ್ದು ಈ ಸರೋವರದ ಸುತ್ತಲಿನ ಪ್ರದೇಶದಲ್ಲೇ. ಇಂಕಾಗಳ ಪುರಾಣದ ಪ್ರಕಾರ ಸೂರ್ಯ ಹುಟ್ಟಿದ್ದು ಬೊಲಿವಿಯಾ ಭಾಗದ ಸೂರ್ಯದ್ವೀಪದಲ್ಲಿ. ಅವರ ಕುಲದ ಮೂಲಪುರುಷ ಮಾಂಕೊ ಕಾಪಾಕ್ ಮತ್ತು ಮಾಮಾ ಓಕ್ಲ್ಯೊ ಹೊರಟು ಬಂದದ್ದೂ ಈ ಸರೋವರದಿಂದಲೇ.

ಪೆರುವಿನ ಕಡೆಯ ಮುಖ್ಯ ಪಟ್ಟಣ ಪುನೊ. ಇದರ ಆಸುಪಾಸಿನಲ್ಲಿ ಐಮಾರಾ ಮತ್ತು ಕೆಚುವಾ ಎರಡೂ ಭಾಷೆಗಳು ಕೇಳಿಬರುತ್ತವೆ. ಸ್ಥೂಲವಾಗಿ ದಕ್ಷಿಣದ ದಂಡೆಯಲ್ಲಿ ಐಮಾರಾ ಮಾತಾಡುವವರೂ ಉತ್ತರದಲ್ಲಿ ಕೆಚುವಾ ಮಾತಾಡುವವರೂ ಹೆಚ್ಚು. ಪೆರುವಿನ ಕಡೆಯ ದ್ವೀಪಗಳಿಗೆ ಹೆಚ್ಚಿನ ದೋಣಿಗಳು ಪುನೊ ಬಂದರಿನಿಂದ ಹೊರಡುತ್ತವೆ.

ಊರೋಸ್: ಕಟ್ಟಿದ ನೆಲ

ಪುನೊ ಕೊಲ್ಲಿಯ ಆಳವಿಲ್ಲದ ನೀರಿನಲ್ಲಿ ತೊತೊರಾ ಎಂಬ ಎತ್ತರದ ಜೊಂಡು ದಟ್ಟವಾಗಿ ಬೆಳೆಯುತ್ತದೆ. ಊರೋಸ್ ಜನರ ಮನೆ, ದೋಣಿ, ಹಾಸಿಗೆ, ಉರುವಲು ಎಲ್ಲವೂ ಇದರಿಂದಲೇ. ಬುಡದ ಬಿಳಿಯ ಎಳೆ ಭಾಗವನ್ನು ಸುಲಿದು ತಿನ್ನುತ್ತಾರೆ. ಅವರು ನಿಂತಿರುವ ನೆಲವೂ ಜೊಂಡಿನದೇ.

ದ್ವೀಪ ಕಟ್ಟುವ ಕೆಲಸ ಬುಡದಿಂದ ಶುರುವಾಗುತ್ತದೆ. ಜೊಂಡಿನ ಬೇರುಗಳು ಹೆಣೆದುಕೊಂಡು ಮಣ್ಣಿನೊಂದಿಗೆ ಗಟ್ಟಿಯಾದ ಹಗುರ ಹೆಂಟೆಗಳಾಗುತ್ತವೆ. ಸ್ಥಳೀಯರು ಇವನ್ನು ಖಿಲಿ ಎನ್ನುತ್ತಾರೆ. ಮಳೆಗಾಲದಲ್ಲಿ ನೀರು ಏರಿದಾಗ ಇವು ತಳದಿಂದ ಕಿತ್ತು ಮೇಲಕ್ಕೆ ತೇಲುತ್ತವೆ. ಅವನ್ನು ಗರಗಸದಿಂದ ಚೌಕವಾಗಿ ಕೊಯ್ದು, ದೋಣಿಯಲ್ಲಿ ಎಳೆದು ತಂದು, ಒಂದೊಂದಕ್ಕೂ ಗೂಟ ಹೊಡೆದು ಹಗ್ಗದಿಂದ ಒಂದಕ್ಕೊಂದು ಬಿಗಿಯುತ್ತಾರೆ. ಅದರ ಮೇಲೆ ಕೊಯ್ದ ಜೊಂಡನ್ನು ಒಂದು ಪದರ ಅಡ್ಡ, ಒಂದು ಪದರ ಉದ್ದ ಎಂಬಂತೆ ಹಾಸುತ್ತಾ ಹೋಗುತ್ತಾರೆ. ಗಾಳಿಗೆ ದ್ವೀಪ ತೇಲಿಹೋಗದಂತೆ ತಳಕ್ಕೆ ನೀಲಗಿರಿ ಮರದ ಕಂಬ ನೆಟ್ಟು ಹಗ್ಗ ಕಟ್ಟುತ್ತಾರೆ. ತಳದ ಜೊಂಡು ಕೊಳೆಯುತ್ತಲೇ ಇರುವುದರಿಂದ ಮೇಲೆ ಹೊಸದನ್ನು ಪದೇ ಪದೇ ಹಾಸಬೇಕು; ಮಳೆಗಾಲದಲ್ಲಿ ಈ ಕೆಲಸ ಇನ್ನೂ ಹೆಚ್ಚು. ಒಲೆಯ ಕೆಳಗೆ ಚಪ್ಪಡಿ ಕಲ್ಲು ಇಟ್ಟೇ ಅಡುಗೆ ಮಾಡುತ್ತಾರೆ, ಏಕೆಂದರೆ ಒಂದು ಕಿಡಿ ಇಡೀ ದ್ವೀಪವನ್ನು ಸುಡಬಲ್ಲದು.

ಒಂದು ದ್ವೀಪದಲ್ಲಿ ಸಾಮಾನ್ಯವಾಗಿ ಕೆಲವೇ ಕುಟುಂಬಗಳಿರುತ್ತವೆ, ಅವರಲ್ಲೊಬ್ಬರು ಅಧ್ಯಕ್ಷರಾಗಿರುತ್ತಾರೆ. ಜಗಳ ಬಗೆಹರಿಯದಿದ್ದರೆ ಗರಗಸ ತಂದು ದ್ವೀಪವನ್ನೇ ಕೊಯ್ದು ಪಾಲು ಮಾಡಿಕೊಳ್ಳುವುದೂ ಉಂಟು. ಹಾಗಾಗಿ ದ್ವೀಪಗಳ ಸಂಖ್ಯೆ ಸ್ಥಿರವಲ್ಲ. ಮೊದಲು ಈ ದ್ವೀಪಗಳು ಸರೋವರದ ಒಳಭಾಗದಲ್ಲಿದ್ದವು. 1986ರ ಬಿರುಗಾಳಿ ಮತ್ತು ನೆರೆಯ ನಂತರ ಅನೇಕ ಕುಟುಂಬಗಳು ಪುನೊ ಹತ್ತಿರಕ್ಕೆ ಬಂದು ಹೊಸ ದ್ವೀಪ ಕಟ್ಟಿಕೊಂಡವು. ಊರೋಸ್ ಜನರ ಮೂಲ ಭಾಷೆ ಇಲ್ಲಿ ಅಳಿದುಹೋಗಿದೆ. ಈಗ ಮಾತಾಡುವುದು ಐಮಾರಾ. ಅವರ ಮೂಲ ಭಾಷೆಯ ಸಂಬಂಧಿ ಚಿಪಾಯಾ ಮಾತ್ರ ಬೊಲಿವಿಯಾದಲ್ಲಿ ಉಳಿದುಕೊಂಡಿದೆ.

ಜೊಂಡಿನ ದೋಣಿ ಕಟ್ಟುವ ವಿದ್ಯೆ ಸರೋವರದಾಚೆಗೂ ಹೆಸರು ಮಾಡಿತು. ನಾರ್ವೆಯ ಸಾಹಸಿ ಥಾರ್ ಹೆಯರ್ಡಾಲ್ 1970ರಲ್ಲಿ ಮೊರಾಕ್ಕೊದಿಂದ ಬಾರ್ಬಡೋಸ್‌ವರೆಗೆ ಅಟ್ಲಾಂಟಿಕ್ ದಾಟಿದ ‘ರಾ 2’ ನೌಕೆಯನ್ನು ಕಟ್ಟಿದವರು ಬೊಲಿವಿಯಾ ಭಾಗದ ಸುರಿಕಿ ದ್ವೀಪದ ಐಮಾರಾ ಕುಶಲಕರ್ಮಿಗಳು. ಹಿಂದಿನ ವರ್ಷ ಬೇರೆ ವಿಧಾನದಲ್ಲಿ ಕಟ್ಟಿದ್ದ ‘ರಾ’ ದಾರಿಯಲ್ಲೇ ಶಿಥಿಲವಾಗಿತ್ತು. ಟಿಟಿಕಾಕಾದವರು ಕಟ್ಟಿದ ನೌಕೆ 57 ದಿನಗಳಲ್ಲಿ ದಡ ಮುಟ್ಟಿತು.

ತಾಕೀಲೆ: ಎಲ್ಲರೂ ನೇಯುವ ಊರು

ಪುನೊ ಬಂದರಿನಿಂದ ಸಾಮಾನ್ಯ ದೋಣಿಯಲ್ಲಿ ಸುಮಾರು ಮೂರು ಗಂಟೆ ಸಾಗಿದರೆ ತಾಕೀಲೆ. ಆರು ಚದರ ಕಿ.ಮೀ.ಗೂ ಕಡಿಮೆ ವಿಸ್ತಾರದ ಈ ಕಲ್ಲುದ್ವೀಪದಲ್ಲಿ ಸುಮಾರು ಎರಡು ಸಾವಿರ ಕೆಚುವಾ ಭಾಷಿಕರಿದ್ದಾರೆ. ವಾಹನಗಳಿಲ್ಲ. ದೋಣಿ ಕಟ್ಟೆಯಿಂದ ಊರ ಚೌಕಕ್ಕೆ ಐನೂರಕ್ಕೂ ಹೆಚ್ಚು ಕಲ್ಲು ಮೆಟ್ಟಿಲು ಹತ್ತಬೇಕು. ಸ್ಪೇನಿನವರ ಆಳ್ವಿಕೆಯಲ್ಲಿ ಈ ನೆಲ ಜಮೀನುದಾರರ ಪಾಲಾಗಿತ್ತು. 20ನೇ ಶತಮಾನದ ಮೊದಲ ಭಾಗದಲ್ಲಿ ರಾಜಕೀಯ ಕೈದಿಗಳನ್ನು ಇಡುವ ಜಾಗವೂ ಆಗಿತ್ತು. 1930ರ ದಶಕದಿಂದ ದ್ವೀಪವಾಸಿಗಳು ಹಣ ಕೂಡಿಸಿ ತಮ್ಮ ನೆಲವನ್ನು ತಾವೇ ತುಂಡು ತುಂಡಾಗಿ ಕೊಂಡುಕೊಂಡರು. ತಾಕೀಲೆಯ ಇಂದಿನ ಸ್ವಾಭಿಮಾನಕ್ಕೆ ಈ ಇತಿಹಾಸವೇ ಬುನಾದಿ.

ದ್ವೀಪವನ್ನು ಆರು ಭಾಗಗಳಾಗಿ ಮಾಡಿ, ಸರದಿಯ ಮೇಲೆ ಯಾವ ಭಾಗದಲ್ಲಿ ಯಾವ ಬೆಳೆ, ಯಾವುದನ್ನು ಬೀಳು ಬಿಡಬೇಕು ಎಂಬುದನ್ನು ಸಮುದಾಯವೇ ನಿರ್ಧರಿಸುತ್ತದೆ. ಕದಿಯಬೇಡ, ಸುಳ್ಳಾಡಬೇಡ, ಸೋಮಾರಿಯಾಗಬೇಡ ಎಂಬ ಹಳೆಯ ಕೆಚುವಾ ನೀತಿ ಇಲ್ಲಿ ಊರಿನ ಕಟ್ಟಳೆ.

ತಾಕೀಲೆಯ ನಿಜವಾದ ಸಂಪತ್ತು ನೇಯ್ಗೆ. ಗಂಡಸರು, ಹೆಂಗಸರು, ಮಕ್ಕಳು, ಮುದುಕರು ಎಲ್ಲರ ಕೈಯಲ್ಲೂ ನೂಲು ಇರುತ್ತದೆ. ಹೆಂಗಸರು ದಾರಿಯಲ್ಲಿ ನಡೆಯುತ್ತಲೇ ಕದಿರು ತಿರುಗಿಸಿ ಕುರಿ ಉಣ್ಣೆಯನ್ನು ನೂಲುತ್ತಾರೆ. ಗಂಡಸರು ಚೌಕದಲ್ಲಿ ಕುಳಿತು ಮಾತಾಡುತ್ತಲೇ ಟೋಪಿ ಹೆಣೆಯುತ್ತಾರೆ. ಕೆಲಸದಲ್ಲಿ ಸ್ಪಷ್ಟ ಹಂಚಿಕೆಯಿದೆ. ನೆಲಕ್ಕೆ ನಾಲ್ಕು ಗೂಟ ಹೊಡೆದು ಹಾಸು ಬಿಗಿಯುವ ಹಳೆಯ ಮಗ್ಗದಲ್ಲಿ ನಡುಪಟ್ಟಿ, ಚೀಲ, ಹೊದಿಕೆ ನೇಯುವವರು ಹೆಂಗಸರು. ಸ್ಪೇನಿನವರು ತಂದ ಕಾಲ್ತುಳಿತದ ಮಗ್ಗದಲ್ಲಿ ಅಂಗಿ, ಲಂಗಗಳ ಉಣ್ಣೆ ಬಟ್ಟೆ ನೇಯುವವರೂ, ಸಪೂರ ಕಡ್ಡಿಗಳಲ್ಲಿ ಹೆಣಿಗೆ ಹಾಕುವವರೂ ಗಂಡಸರು. ಹುಡುಗರು ಏಳೆಂಟು ವರ್ಷಕ್ಕೇ ಹೆಣಿಗೆ ಕಲಿಯಲು ಶುರುಮಾಡುತ್ತಾರೆ.

ಕಿವಿ ಮುಚ್ಚುವ ಉಣ್ಣೆಯ ಟೋಪಿಗೆ ಚುಲ್ಯೊ ಎಂದು ಹೆಸರು. ತೊಟ್ಟವರ ಸ್ಥಿತಿಯನ್ನು ಅದೇ ಹೇಳುತ್ತದೆ. ಮದುವೆಯಾದವರ ಟೋಪಿಯ ಮೂಲಬಣ್ಣ ಪೂರ್ತಿ ಕೆಂಪು. ಮದುವೆಯಾಗದವರದಕ್ಕೆ ಮೇಲರ್ಧ ಬಿಳಿ. ಊರಿನ ಅಧಿಕಾರ ಹೊತ್ತವರು ಬಣ್ಣಬಣ್ಣದ ಚುಲ್ಯೊ ತೊಟ್ಟು ಅದರ ಮೇಲೆ ಕಪ್ಪು ಹ್ಯಾಟು ಇಡುತ್ತಾರೆ. ಹೆಣಿಗೆ ಎಷ್ಟು ಬಿಗಿಯಾಗಿರಬೇಕೆಂದರೆ, ಮದುವೆಗೆ ಮುನ್ನ ಹುಡುಗಿಯ ತಂದೆ ಭಾವೀ ಅಳಿಯನ ಟೋಪಿಗೆ ನೀರು ಹಾಕಿ ಸೋರುವುದೇ ಇಲ್ಲವೇ ಎಂದು ನೋಡುವ ವಾಡಿಕೆಯಿದೆ.

ಹೆಂಗಸರ ಕಲೆಯ ಶಿಖರ ಪಂಚಾಂಗದ ನಡುಪಟ್ಟಿ. ಅಗಲವಾದ ಈ ಪಟ್ಟಿಯಲ್ಲಿ ವರ್ಷದ ಹನ್ನೆರಡು ತಿಂಗಳು ಒಂದೊಂದು ಮನೆಯಾಗಿ ಸಾಲಾಗಿ ಬರುತ್ತವೆ. ಉತ್ತು ಬಿತ್ತುವ ಕಾಲ, ಕೊಯ್ಲು, ಹಬ್ಬ, ಹಕ್ಕಿ ಮೊಟ್ಟೆಯಿಡುವ ಹೊತ್ತು ಎಲ್ಲವೂ ಚಿಹ್ನೆಗಳಾಗಿ ನೂಲಿನಲ್ಲಿ ಕೂರುತ್ತವೆ. ಓದು ಬರಹ ಬಾರದವರೂ ಇದನ್ನು ಓದಬಲ್ಲರು. ಸಮುದಾಯದ ಮೌಖಿಕ ಪರಂಪರೆ ಮತ್ತು ಇತಿಹಾಸದ ತುಣುಕುಗಳು ಇದರಲ್ಲಿರುವುದರಿಂದ ಸಂಶೋಧಕರಿಗೂ ಇದು ಅಮೂಲ್ಯ. ಮದುವೆಯ ಸಮಯದಲ್ಲಿ ಹೆಂಡತಿ ಗಂಡನಿಗೆ ನೇಯ್ದುಕೊಡುವ ದಪ್ಪ ಪಟ್ಟಿಯಲ್ಲಿ ತನ್ನ ಕೂದಲನ್ನೂ ಸೇರಿಸುತ್ತಾಳೆ. ಹೊಲದಲ್ಲಿ ಭಾರ ಹೊರುವಾಗ ಆ ಪಟ್ಟಿ ಗಂಡನ ಸೊಂಟಕ್ಕೆ ಆಸರೆಯಾಗುತ್ತದೆ.

ಯುನೆಸ್ಕೊ 2005ರಲ್ಲಿ ‘ತಾಕೀಲೆ ಮತ್ತು ಅದರ ನೇಯ್ಗೆ ಕಲೆ’ಯನ್ನು ಮಾನವಕುಲದ ಮೌಖಿಕ ಮತ್ತು ಅಮೂರ್ತ ಪರಂಪರೆಯ ಮೇರುಕೃತಿಯೆಂದು ಘೋಷಿಸಿತು. 2008ರಲ್ಲಿ ಅದು ಅಮೂರ್ತ ಪರಂಪರೆಯ ಪ್ರಾತಿನಿಧಿಕ ಪಟ್ಟಿಗೆ ಸೇರಿತು.

ಸಹಕಾರದ ಅಂಗಡಿ, ಸರದಿಯ ಅತಿಥಿ

1960ರ ದಶಕದ ಕೊನೆಗೆ ತಾಕೀಲೆಯ ನೇಕಾರರು ಒಟ್ಟಾಗಿ ತಮ್ಮ ಬಟ್ಟೆಗಳನ್ನು ಕುಸ್ಕೊ ನಗರದಲ್ಲಿ ಮಾರತೊಡಗಿದರು. ಅದರಿಂದ ಬೆಳೆದ ಸಹಕಾರ ಪದ್ಧತಿ ಇಂದಿಗೂ ನಡೆಯುತ್ತಿದೆ. ಚೌಕದ ಸಮುದಾಯ ಅಂಗಡಿಯಲ್ಲಿ ಪ್ರತಿ ವಸ್ತುವಿಗೂ ಮಾಡಿದವರ ಗುರುತು ಮತ್ತು ನಿಗದಿತ ಬೆಲೆ ಇರುತ್ತದೆ, ಚೌಕಾಸಿ ಇಲ್ಲ. ಅಂಗಡಿಯಲ್ಲಿ ಕೂರುವ ಕೆಲಸವನ್ನು ಸದಸ್ಯರು ಸರದಿಯಂತೆ ಮಾಡುತ್ತಾರೆ. ಒಬ್ಬ ನೇಕಾರ ಇನ್ನೊಬ್ಬನಿಗಿಂತ ಅಗ್ಗಕ್ಕೆ ಮಾರಿ ಇಬ್ಬರೂ ನಷ್ಟಕ್ಕೆ ಬೀಳುವ ಪೈಪೋಟಿಯನ್ನು ಈ ಏರ್ಪಾಟು ತಡೆದಿದೆ.

1970ರ ದಶಕದಲ್ಲಿ ಪ್ರವಾಸಿಗರು ಬರತೊಡಗಿದಾಗ ಇದೇ ರೀತಿಯನ್ನು ಪ್ರವಾಸಕ್ಕೂ ವಿಸ್ತರಿಸಿದರು. ದೋಣಿಗಳು ದ್ವೀಪವಾಸಿಗಳವೇ, ಅತಿಥಿಗಳನ್ನು ಮನೆಗಳಿಗೆ ಸರದಿಯಲ್ಲಿ ಹಂಚುವವರೂ ಅವರೇ. 1990ರ ದಶಕದಲ್ಲಿ ಏಕಸ್ವಾಮ್ಯ ವಿರೋಧಿ ಕಾನೂನುಗಳು ಬಂದು ದೋಣಿ ಸಂಚಾರದ ಮೇಲಿನ ಹಿಡಿತ ಕೈತಪ್ಪಿತು. ಪುನೊ ನಗರದ ಪ್ರವಾಸ ಏಜೆನ್ಸಿಗಳು ವೇಗದ ದೋಣಿಗಳಲ್ಲಿ ಜನರನ್ನು ತಂದು, ಕೆಲವೇ ಗಂಟೆ ನಿಲ್ಲಿಸಿ, ಅದೇ ದಿನ ಹಿಂದಕ್ಕೆ ಕರೆದೊಯ್ಯುತ್ತವೆ. ಹಣದ ದೊಡ್ಡ ಪಾಲು ನಗರಕ್ಕೆ ಹೋಗುತ್ತದೆ. ತಾಕೀಲೆಯವರು ತಮ್ಮದೇ ದೋಣಿ ಮತ್ತು ಪ್ರವಾಸ ವ್ಯವಸ್ಥೆಗಳ ಮೂಲಕ ಇದನ್ನು ಎದುರಿಸುತ್ತಿದ್ದಾರೆ. ಬೇಡಿಕೆ ಹೆಚ್ಚಿದಂತೆ ನೂಲು, ಬಣ್ಣ, ಚಿತ್ರಗಳೂ ಬದಲಾಗಿವೆ. ಆದರೂ ನೇಯುವ ಕ್ರಮ ಹಳೆಯದೇ ಉಳಿದಿದೆ; ತಾವು ನೇಯ್ದದ್ದನ್ನು ದ್ವೀಪವಾಸಿಗಳು ಇಂದಿಗೂ ದಿನವೂ ಉಡುತ್ತಾರೆ.

ಅಮಾಂತಾನಿ: ತಂದೆ ಬೆಟ್ಟ, ತಾಯಿ ಬೆಟ್ಟ

ತಾಕೀಲೆಯ ಉತ್ತರಕ್ಕೆ ಇನ್ನೂ ದೊಡ್ಡ ದ್ವೀಪ ಅಮಾಂತಾನಿ. ಹತ್ತು ಸಮುದಾಯಗಳಾಗಿ ಬದುಕುವ ಇಲ್ಲಿನವರೂ ಕೆಚುವಾ ಭಾಷಿಕರು. ದ್ವೀಪದ ಎರಡು ಶಿಖರಗಳಿಗೆ ಪಾಚಾತಾತಾ ಮತ್ತು ಪಾಚಾಮಾಮಾ, ಅಂದರೆ ಭೂತಂದೆ ಮತ್ತು ಭೂತಾಯಿ ಎಂದು ಹೆಸರು. ಎರಡರ ತುದಿಯಲ್ಲೂ ಕಲ್ಲಿನ ಹಳೆಯ ಗುಡಿಗಳಿವೆ, ಅವುಗಳ ಬಾಗಿಲು ಜನವರಿಯ ಹಬ್ಬ ಬಿಟ್ಟರೆ ವರ್ಷವಿಡೀ ಮುಚ್ಚಿರುತ್ತದೆ. ಆ ಹಬ್ಬದ ದಿನ ಜನ ಎರಡು ಪಾಳಿಯಾಗಿ ತಮ್ಮ ತಮ್ಮ ಬೆಟ್ಟ ಹತ್ತಿ ಒಳ್ಳೆಯ ಬೆಳೆಗಾಗಿ ಪೂಜೆ ಸಲ್ಲಿಸುತ್ತಾರೆ. ಹೋಟೆಲುಗಳ ಬದಲು ಮನೆವಾಸವೇ ಇಲ್ಲಿನ ರೂಢಿ. ಕಿನೋವಾ ಸೂಪು, ಬೇಯಿಸಿದ ಆಲೂಗಡ್ಡೆ, ಹುರಿದ ಚೀಸು, ಎತ್ತರದ ಸುಸ್ತಿಗೆ ಮದ್ದೆನಿಸಿದ ಮುನ್ಯಾ ಸೊಪ್ಪಿನ ಕಷಾಯ ಅತಿಥಿಯ ಊಟ.

ಹೋಗುವವರು ತಿಳಿದಿರಬೇಕಾದದ್ದು

ಪುನೊಗೆ ಹತ್ತಿರದ ವಿಮಾನ ನಿಲ್ದಾಣ ಹುಲಿಯಾಕಾ ನಗರದ್ದು. ಕುಸ್ಕೊದಿಂದ ರೈಲು ಮತ್ತು ಬಸ್ಸುಗಳಿವೆ. ಸಮುದ್ರಮಟ್ಟದಿಂದ ನೇರವಾಗಿ ಇಷ್ಟು ಎತ್ತರಕ್ಕೆ ಬಂದವರಿಗೆ ತಲೆನೋವು, ವಾಕರಿಕೆ, ಉಸಿರುಕಟ್ಟುವಿಕೆ ಸಾಮಾನ್ಯ. ಸ್ಥಳೀಯರು ಇದನ್ನು ಸೊರೊಚೆ ಎನ್ನುತ್ತಾರೆ. ದ್ವೀಪದ ಮೆಟ್ಟಿಲು ಹತ್ತುವ ಮೊದಲು ಒಂದೆರಡು ದಿನ ಪುನೊದಲ್ಲಿ ಅಥವಾ ಕುಸ್ಕೊದಲ್ಲಿ ವಿಶ್ರಾಂತಿ ಪಡೆಯುವುದು ಒಳ್ಳೆಯದು. ಹೃದಯ ಮತ್ತು ಶ್ವಾಸಕೋಶದ ತೊಂದರೆ ಇರುವವರು ವೈದ್ಯರ ಸಲಹೆ ಪಡೆದೇ ಹೊರಡಬೇಕು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಒಣಹವೆ. ಹಗಲು ಬಿಸಿಲು ಚುರುಕು, ಜೂನ್ ಮತ್ತು ಜುಲೈ ರಾತ್ರಿಗಳಲ್ಲಿ ಕೊರೆಯುವ ಚಳಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಳೆ.

ಸರೋವರಕ್ಕೆ ಬಂದ ಕುತ್ತು

ಪೆರು ಸರಕಾರ 1978ರಲ್ಲಿ ಟಿಟಿಕಾಕಾ ರಾಷ್ಟ್ರೀಯ ರಕ್ಷಿತ ಪ್ರದೇಶವನ್ನು ಸ್ಥಾಪಿಸಿತು. ಜೊಂಡಿನ ಹಾಸು, ಹಾರಲಾರದ ಟಿಟಿಕಾಕಾ ಗುಳುಮುಳುಕ ಹಕ್ಕಿ, ಸಡಿಲ ಚರ್ಮದ ಮೂಲಕವೇ ನೀರಿನ ಆಮ್ಲಜನಕ ಹೀರುವ ದೊಡ್ಡ ಕಪ್ಪೆ ಈ ಸರೋವರದ ವೈಶಿಷ್ಟ್ಯಗಳು. ಆದರೆ ಪುನೊ, ಹುಲಿಯಾಕಾ ಮತ್ತು ಬೊಲಿವಿಯಾದ ಎಲ್ ಆಲ್ಟೊ ನಗರಗಳ ಕೊಳಚೆ ನೀರು, ಗಣಿಗಳ ತ್ಯಾಜ್ಯ ಕೊಲ್ಲಿಗಳನ್ನು ಕೆಡಿಸುತ್ತಿವೆ. 2016ರಲ್ಲಿ ಕೊವಾಟಾ ನದಿಯಲ್ಲಿ ಸಾವಿರಾರು ಕಪ್ಪೆಗಳು ಸತ್ತು ತೇಲಿದವು. ಹೊರಗಿನಿಂದ ತಂದು ಬಿಟ್ಟ ಟ್ರೌಟ್ ಮೀನು ಸ್ಥಳೀಯ ಮೀನುಗಳಿಗೆ ಮುಳುವಾಯಿತು. 2023ರಲ್ಲಿ ಮಳೆ ಕೊರತೆಯಿಂದ ನೀರಿನ ಮಟ್ಟ ದಾಖಲೆಯ ಕನಿಷ್ಠದ ಸಮೀಪಕ್ಕೆ ಕುಸಿದು ದಂಡೆಯ ಜೊಂಡು ಒಣಗಿತು, ದೋಣಿಗಳು ಕೆಸರಿನಲ್ಲಿ ನಿಂತವು. ಜೊಂಡು ಒಣಗಿದರೆ ಊರೋಸ್ ಜನರಿಗೆ ನೆಲವೇ ಇರುವುದಿಲ್ಲ.

ಈ ದ್ವೀಪಗಳು ಉಳಿದು ಬಂದದ್ದು ನೆಲ, ದೋಣಿ, ಅಂಗಡಿ, ಅತಿಥಿ ಎಲ್ಲವನ್ನೂ ಒಟ್ಟಾಗಿ ನಿಭಾಯಿಸುವ ಪದ್ಧತಿಯಿಂದ. ನೋಡಲು ಹೋಗುವವರು ಆ ಪದ್ಧತಿಗೆ ಬಲ ತುಂಬಬಹುದು. ದ್ವೀಪವಾಸಿಗಳದೇ ದೋಣಿಯಲ್ಲಿ ಹೋಗಬೇಕು, ಒಂದು ರಾತ್ರಿಯಾದರೂ ಅವರ ಮನೆಯಲ್ಲಿ ತಂಗಬೇಕು, ಬಟ್ಟೆಯನ್ನು ಸಮುದಾಯದ ಅಂಗಡಿಯಲ್ಲಿ ಹೇಳಿದ ಬೆಲೆಗೆ ಕೊಳ್ಳಬೇಕು, ಕೇಳಿಯೇ ಫೋಟೊ ತೆಗೆಯಬೇಕು, ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತರಬೇಕು.