ಧೋತರದ ಹಿಂದಿನ ಶೀಶೆ

ಬ್ಯಾಂಕಿನ ಗುಮಾಸ್ತನಾಗಿ ಗದಗ-ಬೆಟಗೇರಿ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಸುತ್ತಿದವನು ನಾನು. ಒಂದೊಂದು ವರ್ಗಾವಣೆಗೂ ಒಂದಿಷ್ಟು ಕೂದಲು ಉದುರಿ, ನಿವೃತ್ತಿಯ ಹೊತ್ತಿಗೆ ನೆತ್ತಿಯ ಖಾತೆ ಖಾಲಿಯಾಗಿತ್ತು. ಅದಕ್ಕೆ ಬೇಸರಪಟ್ಟವನಲ್ಲ. ಆದರೆ ಎಪ್ಪತ್ತು ದಾಟಿದ ಮೇಲೆ ಹಿರಿಯ ಮೊಮ್ಮಗನ ಮದುವೆ ಗೊತ್ತಾಯಿತು ನೋಡಿ, ಫೋಟೋದಲ್ಲಿ ಚಂದ ಕಾಣಬೇಕೆಂಬ ಆಸೆ ಹುಟ್ಟಿತು.

ಯಾರಿಗೂ ಹೇಳದೆ ಮಿನಾಕ್ಸಿಡಿಲ್ ಎಂಬ ಔಷಧದ ಶೀಶೆ ತಂದು ಕಪಾಟಿನಲ್ಲಿ ಧೋತರದ ಹಿಂದೆ ಇಟ್ಟೆ. ಒಂದು ಸಲಕ್ಕೆ 1 ಮಿಲಿಲೀಟರ್, ದಿನಕ್ಕೆ ಎರಡು ಸಲ ಎಂದು ಚೀಟಿಯಲ್ಲಿತ್ತು. ಹೆಚ್ಚು ಹಚ್ಚಿದರೆ ಬೇಗ ಬಂದೀತೆಂದು ಮೂರು ಪಟ್ಟು ಸುರಿದುಕೊಂಡೆ.

ಹದಿನೈದು ದಿನಕ್ಕೆ ನೆತ್ತಿ ತುರಿಸತೊಡಗಿತು. ಒಂದು ಬೆಳಿಗ್ಗೆ ಲಕ್ಷ್ಮೇಶ್ವರದ ಬಸ್ ನಿಲ್ದಾಣದಲ್ಲಿ ಎದ್ದು ನಿಂತವನಿಗೆ ಕಣ್ಣು ಕತ್ತಲೆಯಾಗಿ, ಎದೆ ಡವಡವ ಹೊಡೆದುಕೊಂಡಿತು. ಕಂಬ ಹಿಡಿದು ಕೂತುಬಿಟ್ಟೆ.

"ಬಿ.ಪಿ. ಗುಳಿಗೆ ಬಿಟ್ಟು ಮತ್ತೇನಾದರೂ ತಗೋತೀರೇನು?" ಎಂದರು ಡಾಕ್ಟರು. "ಏನೂ ಇಲ್ಲ" ಎಂದೆ. ಜೊತೆಗೆ ಬಂದಿದ್ದ ನಾಲ್ಕನೇ ಈಯತ್ತೆಯ ಮೊಮ್ಮಗಳು ಬಿಡಬೇಕಲ್ಲ! "ಅಜ್ಜಾ, ಧೋತರದ ಹಿಂದ ಇಟ್ಟೀಯಲ್ಲ, ಆ ಶೀಶೆ?"

ಡಾಕ್ಟರು ಆಗ ಹೇಳಿದ ಸಂಗತಿ ಕೇಳಿ ಮಕ್ಕಳೇ. ಮಿನಾಕ್ಸಿಡಿಲ್ ಮೊದಲು ಬಂದದ್ದು ಕೂದಲಿಗಲ್ಲ, ರಕ್ತದೊತ್ತಡಕ್ಕೆ. 1979ರಲ್ಲಿ ಅಮೆರಿಕದಲ್ಲಿ ಅದು ಗುಳಿಗೆಯಾಗಿ ಒಪ್ಪಿಗೆ ಪಡೆಯಿತು. ನುಂಗಿದವರ ಮುಖ, ಕೈಗಳ ಮೇಲೆ ಕೂದಲು ಬೆಳೆಯಿತು. ಆ ಅಡ್ಡ ಪರಿಣಾಮವೇ 1988ರಲ್ಲಿ ನೆತ್ತಿಗೆ ಹಚ್ಚುವ ಔಷಧವಾಯಿತು! ರಕ್ತನಾಳ ಹಿಗ್ಗಿಸುವ ಗುಣ ಮಾತ್ರ ಅದರೊಳಗೇ ಇದೆ. ಹೇಳಿದಷ್ಟು ಹಚ್ಚಿದರೆ ಮೈಗೆ ಸೇರುವುದು ತೀರ ಕಡಿಮೆ. ಅತಿಯಾದರೆ, ಇಲ್ಲವೇ ತುರಿಸಿ ಗಾಯವಾದ ನೆತ್ತಿಗೆ ಹಚ್ಚಿದರೆ ರಕ್ತಕ್ಕೆ ಹೆಚ್ಚು ಇಳಿಯುತ್ತದೆ. ಬಿ.ಪಿ., ಹೃದಯದ ತೊಂದರೆ ಇರುವವರು ಮೊದಲು ಡಾಕ್ಟರನ್ನು ಕೇಳಲೇಬೇಕು. ಮೊದಲ ಕೆಲವು ವಾರ ಕೂದಲು ಇನ್ನಷ್ಟು ಉದುರುವುದುಂಟು, ಅದಕ್ಕೆ ಹೆದರಬೇಕಿಲ್ಲ. ತಲೆ ಸುತ್ತಿದರೆ, ಎದೆ ಹೊಡೆದುಕೊಂಡರೆ, ಕಾಲು ಬಾತರೆ ಮಾತ್ರ ನಿಲ್ಲಿಸಿ ದವಾಖಾನೆಗೆ ನಡೆಯಿರಿ.

ಇನ್ನೊಂದು ಔಷಧ ಫಿನಾಸ್ಟರೈಡ್ ಗುಳಿಗೆ. 1992ರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಊತಕ್ಕೆಂದು ಬಂತು. ನಮ್ಮ ಗದಗ ಜಿಲ್ಲೆಯಾದ 1997ರಲ್ಲೇ ಕೂದಲಿಗೂ ಒಪ್ಪಿಗೆಯಾಯಿತು. ಕೆಲವರಿಗೆ ಮನಸ್ಸು ಕುಗ್ಗುತ್ತದೆ, ದಾಂಪತ್ಯದಲ್ಲಿ ನಿರಾಸಕ್ತಿ ಬರುತ್ತದೆ. ನಾಚದೆ ಡಾಕ್ಟರಿಗೆ ಹೇಳಿ. ಅಜ್ಜಂದಿರು ಇನ್ನೊಂದು ನೆನಪಿಡಬೇಕು: ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ನೋಡುವ ಪಿ.ಎಸ್.ಎ. ರಕ್ತಪರೀಕ್ಷೆಯ ಅಂಕಿಯನ್ನು ಈ ಗುಳಿಗೆ ಸುಮಾರು ಅರ್ಧಕ್ಕೆ ಇಳಿಸುತ್ತದೆ. ಗುಳಿಗೆಯ ವಿಷಯ ಮುಚ್ಚಿಟ್ಟರೆ ರೋಗವೂ ಮುಚ್ಚಿಹೋದೀತು. ಬಸುರಿ ಸೊಸೆ, ಮಗಳು ಇದ್ದರೆ ಒಡೆದ ಗುಳಿಗೆಯನ್ನು ಅವರು ಮುಟ್ಟದಂತೆ ನೋಡಿಕೊಳ್ಳಿ. ಹೊಟ್ಟೆಯಲ್ಲಿರುವ ಗಂಡು ಕೂಸಿನ ಬೆಳವಣಿಗೆಗೆ ಅದು ಕೆಟ್ಟದ್ದು.

ನನ್ನ ಎದೆ ನಡುಗಿಸಿದ್ದು ಕೊನೆಯ ಮಾತು. ಮಿನಾಕ್ಸಿಡಿಲ್ ಹಚ್ಚಿಕೊಂಡ ತಂದೆಯರನ್ನು ಮುಟ್ಟಿದ ಎಳೆಗೂಸುಗಳ ಮೈಮೇಲೆ ಸ್ಪೇನ್ ದೇಶದಲ್ಲಿ ವಿಪರೀತ ಕೂದಲು ಬೆಳೆದಿತ್ತಂತೆ. ಸೋಂಕು ತಪ್ಪಿಸಿದ ಕೆಲವು ತಿಂಗಳಲ್ಲಿ ಅದು ಹೋಯಿತು. 2024ರಲ್ಲಿ ಯುರೋಪಿನ ಔಷಧ ಸಂಸ್ಥೆ ಈ ಎಚ್ಚರಿಕೆಯನ್ನು ಚೀಟಿಯಲ್ಲೇ ಸೇರಿಸಲು ಹೇಳಿತು. ನನ್ನ ತಲೆದಿಂಬಿನ ಮೇಲೆಯೇ ಮಲಗುವ ವರ್ಷದ ಮರಿಮೊಮ್ಮಗು ನಮ್ಮ ಮನೆಯಲ್ಲೂ ಇದೆ! ಹಚ್ಚಿದ ಕೈ ಸೋಪಿನಿಂದ ತೊಳೆಯಬೇಕು, ನೆತ್ತಿ ಒಣಗುವವರೆಗೆ ಮಕ್ಕಳನ್ನು ಎತ್ತಿಕೊಳ್ಳಬಾರದು, ಶೀಶೆ ಬೀಗದೊಳಗಿರಬೇಕು. ಅದನ್ನು ಕುಡಿದರೆ ಮಗುವಿನ ಜೀವಕ್ಕೇ ಅಪಾಯ.

ನಾನಂತೂ ಡಾಕ್ಟರ ಮಾತಿನಂತೆ ಶೀಶೆ ಬಿಟ್ಟೆ. ತಲೆಸುತ್ತು ನಿಂತಿತು. ಈಗ ಮೊಮ್ಮಗಳು ಒಂದು ವಹಿ ಇಟ್ಟಿದ್ದಾಳೆ. ನಾನು ನುಂಗುವ, ಹಚ್ಚುವ ಪ್ರತಿಯೊಂದರ ಹೆಸರು, ತಾರೀಖು ಅದರಲ್ಲಿ ಬರೆದು, ದವಾಖಾನೆಗೆ ಹೋಗುವಾಗ ಕೈಗೆ ಕೊಡುತ್ತಾಳೆ.

ಮದುವೆಗೆ ಪಟಕಾ ಸುತ್ತಿಕೊಂಡು ಹೋದೆ. ಫೋಟೋ ಚಂದ ಬಂದಿದೆ.