ಹತ್ತು ಎತ್ತು, ಒಬ್ಬರು ಗುರುಗಳು

ನಮ್ಮ ಕಡೆಯ ಹುಡುಗರು ಇಂಗ್ಲಿಷಿನಲ್ಲಿ ಅಂಕ ಕಳೆದುಕೊಳ್ಳುವುದು ಬಹುಮಟ್ಟಿಗೆ ಒಂದೇ ಒಂದು ಅಕ್ಷರದ ದೆಸೆಯಿಂದ. ಅದು ಪದದ ಕೊನೆಗೆ ಬರುವ ‘ಎಸ್’. ಉಜ್ಜಿನಿಯ ಕಡೆಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬ ತನ್ನ ಮನೆತನವನ್ನು ಕುರಿತು ಇಂಗ್ಲಿಷಿನಲ್ಲಿ ಪ್ರಬಂಧ ಬರೆದಿದ್ದ. ಎರಡು ಎತ್ತು, ನಲವತ್ತು ಕುರಿ, ನಾಲ್ಕು ಎಕರೆ ಹೊಲ ಎಂಬುದು ಅದರ ಸಾರ. ‘ಟೂ ಆಕ್ಸ್’ ಎಂಬಲ್ಲಿ ಕೆಂಪು ಗೆರೆ ಬಿದ್ದಿತ್ತು. ‘ಫೋರ್ ಏಕರ್’ ಎಂಬಲ್ಲಿಯೂ ಬಿದ್ದಿತ್ತು. ‘ಫಾರ್ಟಿ ಶೀಪ್’ ಮಾತ್ರ ಸುರಕ್ಷಿತವಾಗಿ ಪಾರಾಗಿತ್ತು. ಎತ್ತಿಗಿರುವ ಕಾನೂನು ಕುರಿಗೇಕಿಲ್ಲ ಎಂದು ಆತ ಇಂಗ್ಲಿಷ್ ಅಧ್ಯಾಪಕರನ್ನು ಕೇಳಿದ. ಅದು ಇರುವುದೇ ಹಾಗೆ ಎಂಬ ಉತ್ತರ ಬಂತು. ಕಾಲೇಜಿನಲ್ಲಿ ಯಾರೂ ಉತ್ತರಿಸದೆ ಉಳಿದ ಪ್ರಶ್ನೆಗಳು ಕಡೆಗೆ ಕನ್ನಡ ಅಧ್ಯಾಪಕನ ಬಳಿಗೆ ಬರುವುದು ವಾಡಿಕೆ, ಇದೂ ಬಂತು.

ಹುಡುಗ ಬರೆದದ್ದು ಇಂಗ್ಲಿಷಾದರೂ ಲೆಕ್ಕ ಹಾಕಿದ್ದು ಕನ್ನಡದಲ್ಲಿ. ಕನ್ನಡದ ಆಡುಮಾತಿನಲ್ಲಿ ಸಂಖ್ಯೆಯನ್ನು ಒಮ್ಮೆ ಹೇಳಿದರೆ ಸಾಕು, ವಸ್ತುವಿನ ಬಾಲಕ್ಕೆ ಅದನ್ನು ಮತ್ತೆ ಕಟ್ಟಬೇಕಾಗಿಲ್ಲ. ಹತ್ತು ಎತ್ತು, ನೂರು ತೆಂಗಿನಕಾಯಿ, ಐದು ಸೇರು ಜೋಳ. ಕೊಟ್ಟೂರಿನ ಸಂತೆಯಲ್ಲಿ ಯಾರಾದರೂ ‘ಐದು ಸೇರುಗಳು ಕೊಡಿ’ ಎಂದರೆ ಅಂಗಡಿಯವನು ಆತನನ್ನು ಮೇಲುಕೆಳಗೆ ನೋಡುತ್ತಾನೆ. ಗ್ರಂಥಸ್ಥ ಕನ್ನಡದಲ್ಲಿ ‘ಹತ್ತು ಮರಗಳು’ ಎಂದು ಬರೆಯುತ್ತೇವೆ, ನಿಜ. ಆದರೆ ಆ ‘ಗಳು’ ಅಲ್ಲಿ ಬೇಕಾದರೆ ಬರುವ ಅತಿಥಿಯೇ ಹೊರತು ಮನೆಯ ಒಡೆಯನಲ್ಲ. ಎರಡು ಎಂದಮೇಲೆ ಎರಡು ತಾನೆ? ಮತ್ತೇಕೆ ಗುರುತು? ರೈತನ ಈ ತರ್ಕಕ್ಕೆ ವೈಯಾಕರಣರು ಹೇಳಬಹುದಾದ ಸಮಾಧಾನ ಅಷ್ಟೇನೂ ಗಟ್ಟಿಯಾದುದಲ್ಲ.

ಇನ್ನು ಇಂಗ್ಲಿಷಿನ ಕುರಿಯ ವಿಷಯ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಬಹುವಚನಕ್ಕೆ ಒಂದಲ್ಲ, ಹಲವು ದಾರಿಗಳಿದ್ದವು. ಕೆಲವು ನಾಮಪದಗಳಿಗೆ ‘ಎಸ್’ ಸೇರುತ್ತಿತ್ತು, ಕೆಲವಕ್ಕೆ ‘ಎನ್’ ಸೇರುತ್ತಿತ್ತು, ಕೆಲವು ಒಳಗಿನ ಸ್ವರವನ್ನೇ ಬದಲಿಸಿಕೊಳ್ಳುತ್ತಿದ್ದವು. ನಪುಂಸಕಲಿಂಗದ ಕೆಲವು ಪದಗಳಂತೂ ಒಂದಿದ್ದರೂ ನೂರಿದ್ದರೂ ಒಂದೇ ರೂಪದಲ್ಲಿ ನಿಲ್ಲುತ್ತಿದ್ದವು, ನಮ್ಮ ಎತ್ತಿನ ಹಾಗೆ. ಕುರಿ, ಜಿಂಕೆ, ಮನೆ ಎಂಬ ಪದಗಳೆಲ್ಲ ಆ ಗುಂಪಿನವು. ಕಾಲಕ್ರಮದಲ್ಲಿ ‘ಎಸ್’ ಎಂಬುದು ಚಕ್ರವರ್ತಿಯಾಗಿ ಉಳಿದ ಪಾಳೆಯಪಟ್ಟುಗಳನ್ನು ನುಂಗಿತು. ಮನೆ ಶರಣಾಯಿತು, ಕುರಿಯೂ ಜಿಂಕೆಯೂ ಆಗಲಿಲ್ಲ. ಎತ್ತು ‘ಆಕ್ಸನ್’ ಎಂಬ ಹಳೆಯ ‘ಎನ್’ಕಾರವನ್ನು ಹಿಡಿದು ಬದುಕಿದೆ. ‘ಚಿಲ್ಡ್ರನ್’ ಎಂಬುದರಲ್ಲಿ ಒಂದರ ಮೇಲೊಂದು ಎರಡು ಬಹುವಚನ ಪ್ರತ್ಯಯಗಳು ಕುಳಿತಿವೆ. ನಗುವಂತಿಲ್ಲ, ‘ಅವರುಗಳು’ ಎಂದು ಬರೆಯುವ ನಾವೂ ಮಾಡುವುದು ಅದನ್ನೇ. ಬಟಾಣಿಯದು ಇನ್ನೂ ತಮಾಷೆ: ‘ಪೀಸ್’ ಎಂಬುದು ಮೊದಲು ಏಕವಚನವೇ ಆಗಿತ್ತು. ಕೊನೆಯ ಸಕಾರವನ್ನು ಕೇಳಿ ಜನ ಅದನ್ನು ಬಹುವಚನವೆಂದು ಭ್ರಮಿಸಿ, ಇಲ್ಲದ ಏಕವಚನವೊಂದನ್ನು ‘ಪೀ’ ಎಂದು ಸೃಷ್ಟಿಸಿಕೊಂಡರು. ನಾವು ಇದಕ್ಕೆ ಪ್ರತೀಕಾರ ಮಾಡಿದ್ದೇವೆ. ಅವರ ‘ಮಾರ್ಕ್ಸ್’ ಎಂಬ ಬಹುವಚನವನ್ನು ತಂದು ‘ಮಾರ್ಕ್ಸು ಬಂತು’ ಎಂದು ಏಕವಚನ ಮಾಡಿ, ಬೇಕಾದಾಗ ‘ಮಾರ್ಕ್ಸುಗಳು’ ಎನ್ನುತ್ತೇವೆ.

ಸಂಸ್ಕೃತವೂ ಇಂಥ ವಿಲಾಸಗಳಿಗೆ ಹೊರತಲ್ಲ. ಅಲ್ಲಿ ಹೆಂಡತಿಗಿರುವ ‘ದಾರಾಃ’ ಎಂಬ ಪದ ಪುಲ್ಲಿಂಗ, ಅದೂ ನಿತ್ಯಬಹುವಚನ. ‘ಆಪಃ’ ಎಂಬ ನೀರೂ ನಿತ್ಯಬಹುವಚನ. ಅಲ್ಲಿರುವ ದ್ವಿವಚನದ ಪ್ರತ್ಯಯ ಕನ್ನಡದಲ್ಲಿಲ್ಲ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ವನ್ನು ಬರೆಯುವಾಗ ಸಂಸ್ಕೃತ ವ್ಯಾಕರಣದ ಚೌಕಟ್ಟನ್ನು ಮುಂದಿಟ್ಟುಕೊಂಡಿದ್ದರೂ ನಮ್ಮ ನುಡಿಯ ಗಳ್, ಅರ್, ಇರ್ ಎಂಬ ಪ್ರತ್ಯಯಗಳನ್ನು ಗುರುತಿಸದೆ ಬಿಡಲಿಲ್ಲ.

ಇಷ್ಟು ಹೇಳಿದರೆ ಹುಡುಗನ ಪ್ರಶ್ನೆಗೆ ಉತ್ತರವಾಯಿತು. ಆದರೆ ಕನ್ನಡದಲ್ಲಿ ವಚನವೆಂಬುದು ಬರಿಯ ಎಣಿಕೆಯ ವಿಷಯವಲ್ಲ. ಅದನ್ನು ಕಾಣಲು ಉಜ್ಜಿನಿಗಿಂತ ತಕ್ಕ ಊರು ಬೇಡ. ಹಿಂದೆ ಕೂಡ್ಲಿಗಿ ತಾಲ್ಲೂಕಿಗೆ ಸೇರಿದ್ದು, ಈಗ ವಿಜಯನಗರ ಜಿಲ್ಲೆಯ ಕೊಟ್ಟೂರು ತಾಲ್ಲೂಕಿನಲ್ಲಿರುವ ಈ ಊರು ವೀರಶೈವರ ಪಂಚಪೀಠಗಳಲ್ಲಿ ಒಂದರ ನೆಲೆ. ಹಂಪೆಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂಬ ಗಾದೆ ಮರುಳಸಿದ್ಧೇಶ್ವರ ದೇವಾಲಯದ ಒಳಗಣ ಕೆತ್ತನೆಯನ್ನು ಕಂಡವರಿಗೆ ಅತಿಶಯೋಕ್ತಿ ಎನ್ನಿಸದು. ಜಾತ್ರೆಯ ಕಾಲದಲ್ಲಿ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುವ ತೈಲಾಭಿಷೇಕ ನಡೆಯುತ್ತದೆ. ಜರಿಮಲೆಯ ಪಾಳೆಯಗಾರರ ಮನೆತನದ ಎಣ್ಣೆ ಅದಕ್ಕೆ ಬರುವುದು ಸಂಪ್ರದಾಯ.

ಆ ಜನಸಂದಣಿಯಲ್ಲಿ ನಿಂತು ಕಿವಿಗೊಟ್ಟರೆ ವ್ಯಾಕರಣದ ಇನ್ನೊಂದು ಪಾಠ ಕೇಳಿಬರುತ್ತದೆ. ಪೀಠದಲ್ಲಿರುವವರು ಒಬ್ಬರೇ, ಅವರು ‘ಜಗದ್ಗುರುಗಳು’, ‘ಶ್ರೀಗಳು’. ಹತ್ತು ಎತ್ತಿಗೆ ದೊರೆಯದ ‘ಗಳು’ ಒಬ್ಬ ಗುರುವಿಗೆ ದೊರೆಯುತ್ತದೆ. ಶಿಖರದ ಕೆಳಗೆ ಕೈಮುಗಿದು ನಿಂತ ಮುದುಕಿ ಮರುಳಸಿದ್ಧನನ್ನು ಮಾತ್ರ ‘ನೀನೇ ಕಾಯಬೇಕಪ್ಪಾ’ ಎಂದು ಏಕವಚನದಲ್ಲಿ ಕರೆಯುತ್ತಾಳೆ. ‘ದೇವರು’ ಎಂಬ ಪದವೋ ರೂಪದಲ್ಲಿ ಬಹುವಚನ. ಕ್ರಿಯಾಪದ ಬರುವ ಹೊತ್ತಿಗೆ ‘ದೇವರು ಕೊಟ್ಟ’ ಎಂದು ಏಕವಚನಕ್ಕೆ ಇಳಿಯುತ್ತದೆ. ನಮ್ಮಲ್ಲಿ ಹೆತ್ತ ತಾಯಿಯೂ ‘ನೀನು’. ಏಕವಚನದಲ್ಲಿ ಕರೆಯುವಷ್ಟು ಹತ್ತಿರ ಬರುವುದು ದೇವರಿಗೂ ತಾಯಿಗೂ ಸಲ್ಲುವ ಸಲಿಗೆ.

ಆದರೆ ಅದೇ ಏಕವಚನ ಇನ್ನೊಂದು ಬಾಗಿಲಿನಿಂದಲೂ ಬರುತ್ತದೆ. ‘ಏಕವಚನದಲ್ಲಿ ಮಾತನಾಡಿದರು’ ಎಂಬುದು ಕನ್ನಡದಲ್ಲಿ ಬೈಗುಳದ ಹೆಸರು. ಪತ್ರಿಕೆಗಳಲ್ಲಿ ಓದುತ್ತೇವೆ, ಪಂಚಾಯಿತಿಯ ಕಟ್ಟೆಯಿಂದ ವಿಧಾನಸಭೆಯವರೆಗೆ ಇದರಿಂದ ಜಗಳ ಎದ್ದಿದೆ. ಒಂದು ವ್ಯಾಕರಣ ಪರಿಭಾಷೆ ಹೀಗೆ ಬೀದಿಗೆ ಬಂದು ಮಾನಾಪಮಾನದ ಮಾತಾದದ್ದು ಸೋಜಿಗವೇ. ಇಂಗ್ಲಿಷಿನವರಿಗೂ ಹಿಂದೆ ‘ದೌ’ ಎಂಬ ಏಕವಚನವಿತ್ತು, ದೊಡ್ಡವರಿಗೆ ‘ಯು’ ಎಂಬ ಬಹುವಚನವಿತ್ತು. 17ನೆಯ ಶತಮಾನದಲ್ಲಿ ಕ್ವೇಕರ್ ಪಂಥದವರು ದೇವರ ಮುಂದೆ ಎಲ್ಲರೂ ಸಮಾನರೆಂದು ನ್ಯಾಯಾಧೀಶರನ್ನೂ ಏಕವಚನದಲ್ಲಿಯೇ ಕರೆದು ಪೆಟ್ಟು ತಿಂದರು, ಸೆರೆಮನೆ ಕಂಡರು. ಕಡೆಗೆ ಆ ನುಡಿ ಆರಿಸಿಕೊಂಡದ್ದು ವಿರುದ್ಧ ದಿಕ್ಕನ್ನು. ಎಲ್ಲರನ್ನೂ ಬಹುವಚನಕ್ಕೆ ಏರಿಸಿ ಏಕವಚನವನ್ನೇ ಬಿಟ್ಟುಕೊಟ್ಟಿತು. ನಾವು ಎರಡನ್ನೂ ಉಳಿಸಿಕೊಂಡೆವು. ಉಳಿಸಿಕೊಂಡು, ಯಾರಿಗೆ ಯಾವುದು ಎಂಬುದನ್ನು ಬಹುಕಾಲ ಹುಟ್ಟಿನಿಂದ ಹಂಚಿದೆವು. ಅರವತ್ತು ದಾಟಿದ ಜೀತದಾಳನ್ನು ಒಡೆಯನ ಮನೆಯ ಹತ್ತು ವರ್ಷದ ಹುಡುಗ ‘ಬಾರೋ ಇಲ್ಲಿ’ ಎನ್ನುವುದನ್ನು ಕೇಳಿದವರು ನನ್ನ ಓದುಗರಲ್ಲಿ ಅನೇಕರಿರಬೇಕು. ಆ ಏಕವಚನಕ್ಕೂ ಮುದುಕಿಯ ಏಕವಚನಕ್ಕೂ ಪ್ರತ್ಯಯದಲ್ಲಿ ವ್ಯತ್ಯಾಸವಿಲ್ಲ.

‘ಆಳು’ ಎಂಬ ಪದವನ್ನೇ ನೋಡಿ. ಮನುಷ್ಯರನ್ನು ಎಣಿಸುವಾಗ ಕನ್ನಡ ಎತ್ತಿನ ನಿಯಮವನ್ನು ಬಿಟ್ಟು ಎಚ್ಚರ ವಹಿಸುತ್ತದೆ: ಇಬ್ಬರು ಹುಡುಗರು, ನಾಲ್ವರು ಗೌಡರು. ‘ನಾಲ್ಕು ಗೌಡ’ ಎಂದು ಯಾರೂ ಅನ್ನುವುದಿಲ್ಲ, ಅಂದರೆ ಉಳಿಯುವುದಿಲ್ಲ. ಆಳಿಗೆ ಮಾತ್ರ ಈ ಎಚ್ಚರವಿಲ್ಲ. ನಾಲ್ಕು ಆಳು, ಆರು ಹೆಣ್ಣಾಳು. ‘ಹತ್ತು ಜನ’, ‘ಹತ್ತು ಮಂದಿ’ ಎಂಬಲ್ಲಿಯೂ ಇದೇ ರೂಪವಿದೆಯಲ್ಲ ಎಂದು ಆಕ್ಷೇಪಿಸಬಹುದು. ಆದರೆ ಜನ, ಮಂದಿ ಎಂಬವು ಸಮೂಹವಾಚಕಗಳು, ಒಡೆಯನೂ ಆಳೂ ಅವುಗಳಲ್ಲಿ ಒಟ್ಟಿಗೆ ಸೇರುತ್ತಾರೆ. ‘ಆಳು’ ಸಮೂಹವಲ್ಲ. ಹಳಗನ್ನಡದಲ್ಲಿ ಅದೇ ಪದಕ್ಕೆ ಭಟನೆಂಬ ಅರ್ಥವಿತ್ತು, ಹೊಗಳಿಕೆಯೂ ಇತ್ತು. ಹೊಲಕ್ಕೆ ಬರುವ ಹೊತ್ತಿಗೆ ಅದು ನೇಗಿಲು, ಎತ್ತುಗಳೊಡನೆ ಒಂದೇ ಸಾಲಿನಲ್ಲಿ ಬರೆಯುವ ಬಾಬತ್ತಾಯಿತು.

ಶೇಂಗಾ ಕೀಳುವ ಕಾಲದಲ್ಲಿ ನಮ್ಮ ಸೀಮೆಯ ಹೊಲದೊಡೆಯರು ಹಿಂದಿನ ಸಂಜೆಯೇ ಓಣಿಗೆ ಹೋಗಿ ವಿಚಾರಿಸುತ್ತಾರೆ. ಅವರ ಪ್ರಶ್ನೆ, ‘ನಾಳೆ ಎಷ್ಟು ಆಳು ಬರ್ತಾವ?’ ಎಂದು. ಕ್ರಿಯಾಪದವೂ ನಪುಂಸಕಲಿಂಗ. ಬಾಗಿಲಲ್ಲಿ ನಿಂತ ಹೆಂಗಸು ತಲೆಯ ಸೆರಗು ಸರಿಪಡಿಸಿಕೊಂಡು ಕೊಡುವ ಉತ್ತರವನ್ನು ಹಲವು ಸಲ ಕೇಳಿದ್ದೇನೆ: ‘ನಾವು ಆರು ಮಂದಿ ಬರ್ತೀವ್ರಿ.’